ಸಕ್ಕರೆ ಹಾಕದ ಸಿಹಿತಿಂಡಿ, ಮಲೆನಾಡಿನ ಅಡುಗೆಮನೆಯಿಂದ: ಪದೇ ಪದೇ ಕೇಳುವ ಪ್ರಶ್ನೆಗಳು

ಬಿಳಿ ಸಕ್ಕರೆ ಬಿಟ್ಟು ಸಿಹಿ ಮಾಡೋದು ಹೇಗೆ ಅಂತ ಕೇಳುವವರು ಈಗ ಜಾಸ್ತಿ. ಸಾಗರ, ಹೊಸನಗರ, ತೀರ್ಥಹಳ್ಳಿ, ಸೊರಬದ ಕಡೆಯವರಿಗೆ ಇದು ಹೊಸ ವಿದ್ಯೆಯೇನಲ್ಲ. ಜೋನಿ ಬೆಲ್ಲ, ಹಲಸು, ಬಾಳೆ, ತೆಂಗು, ರಾಗಿ, ಅಕ್ಕಿ ಇಷ್ಟರಲ್ಲೇ ಇಲ್ಲಿನ ಹಬ್ಬಗಳು ನಡೆದಿವೆ. ಆದರೆ ಬೆಲ್ಲದ ಬಗ್ಗೆ ಒಳ್ಳೆಯ ಮಾತಿನ ಜೊತೆ ತಪ್ಪು ನಂಬಿಕೆಯೂ ಸೇರಿಕೊಂಡಿದೆ. ಹಾಗಾಗಿ ಪಾಕದ ವಿಷಯ, ಮೈಗೆ ಸಂಬಂಧಿಸಿದ ವಿಷಯ ಎರಡನ್ನೂ ಇಲ್ಲಿ ಒಟ್ಟಿಗೇ ಬರೆದಿದ್ದೇನೆ.

ಸಕ್ಕರೆ ಬದಲು ಬೆಲ್ಲ ಹಾಕಿದರೆ ಸಿಹಿತಿಂಡಿ ಆರೋಗ್ಯಕರ ಆಗಿಬಿಡುತ್ತಾ?

ಇಲ್ಲ. ಬೆಲ್ಲವೂ ಕಬ್ಬಿನ ಸಕ್ಕರೆಯೇ. 100 ಗ್ರಾಂ ಬಿಳಿ ಸಕ್ಕರೆಯಲ್ಲಿ 400ರ ಆಸುಪಾಸು ಕ್ಯಾಲೊರಿ ಇದ್ದರೆ, ಅಷ್ಟೇ ಬೆಲ್ಲದಲ್ಲಿ 350ರಿಂದ 380 ಇರುತ್ತದೆ. ವ್ಯತ್ಯಾಸ ಇಷ್ಟೇ. ಬೆಲ್ಲದಲ್ಲಿ ಕಬ್ಬಿನ ಹಾಲಿನ ಖನಿಜಗಳು ಸ್ವಲ್ಪ ಉಳಿದಿರುತ್ತವೆ, ಪರಿಮಳ ಇರುತ್ತದೆ. ಆದರೆ ಅದನ್ನು ಔಷಧಿ ಅಂತ ಬಾಣಲೆಗೆ ಸುರಿಯುವ ಹಾಗಿಲ್ಲ.

ಹಾಗಿದ್ದರೂ ನಾನು ಬೆಲ್ಲವನ್ನೇ ಆರಿಸುತ್ತೇನೆ. ಸಕ್ಕರೆಗೆ ಬರೀ ಸಿಹಿ ಇದೆ, ಬೆಲ್ಲಕ್ಕೆ ರುಚಿಯೂ ಇದೆ. ರುಚಿ ಇರುವುದರಿಂದ ಕಡಿಮೆ ಹಾಕಿದರೂ ಬಾಯಿಗೆ ಸಾಕು ಅನ್ನಿಸುತ್ತದೆ. ಆದರೆ ಆ ಕಡಿಮೆ ಹಾಕುವ ಕೆಲಸವನ್ನು ನಾವೇ ಮಾಡಬೇಕು. ಸಕ್ಕರೆ ಹಾಕುತ್ತಿದ್ದ ಅಳತೆಯಲ್ಲೇ ಬೆಲ್ಲ ಹಾಕಿದರೆ ಮೈಗೆ ಏನೂ ಲಾಭ ಇಲ್ಲ.

ದಿನಕ್ಕೆ ಎಷ್ಟು ಸಿಹಿ ತಿನ್ನಬಹುದು?

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಇದಕ್ಕೊಂದು ಮಿತಿ ಹೇಳಿದೆ. ನಾವು ಬೆರೆಸುವ ಸಕ್ಕರೆ, ಬೆಲ್ಲ, ಜೇನು, ಹಣ್ಣಿನ ಜ್ಯೂಸಿನ ಸಕ್ಕರೆ ಎಲ್ಲ ಸೇರಿ ದಿನದ ಒಟ್ಟು ಕ್ಯಾಲೊರಿಯ 10 ಶೇಕಡಾಕ್ಕಿಂತ ಕಡಿಮೆ ಇರಬೇಕು. 5 ಶೇಕಡಾಕ್ಕಿಂತ ಕೆಳಗೆ ಇಳಿಸಿದರೆ ಇನ್ನೂ ಒಳ್ಳೆಯದು. 2000 ಕ್ಯಾಲೊರಿ ತಿನ್ನುವವರಿಗೆ ಇದು 50 ಗ್ರಾಂ ಮತ್ತು 25 ಗ್ರಾಂ ಆಗುತ್ತದೆ. ಇಡೀ ಹಣ್ಣು ಕಚ್ಚಿ ತಿಂದರೆ ಅದರ ಸಿಹಿ ಈ ಲೆಕ್ಕಕ್ಕೆ ಬರುವುದಿಲ್ಲ.

ನಮ್ಮ ಪಾಯಸಕ್ಕೆ ಹಚ್ಚಿ ನೋಡಿ. 200 ಗ್ರಾಂ ಬೆಲ್ಲ ಹಾಕಿದ ಪಾಯಸವನ್ನು 8 ಜನ ಕುಡಿದರೆ ತಲೆಗೆ 25 ಗ್ರಾಂ. ಇದರ ಮೇಲೆ ಬೆಳಿಗ್ಗೆ ಕಾಫಿ, ಸಂಜೆ ಚಾ, ನಡುವೆ ಎರಡು ಬಿಸ್ಕತ್ತು. ಹಬ್ಬದ ದಿನ ಪಾಯಸ ಕುಡಿಯಿರಿ, ಖಂಡಿತ ಕುಡಿಯಿರಿ. ಆವತ್ತು ಚಾಕ್ಕೆ ಸಕ್ಕರೆ ಬೇಡ ಅಂದರೆ ಆಯಿತು.

ರಕ್ತ ಕಡಿಮೆ ಇರುವವರು ಬೆಲ್ಲ ಜಾಸ್ತಿ ತಿನ್ನಬೇಕು ಅಂತಾರಲ್ಲ?

ಬೆಲ್ಲದಲ್ಲಿ ಕಬ್ಬಿಣದಂಶ ಇರುವುದು ನಿಜ. ಆದರೆ ದಿನಕ್ಕೆ ಬೇಕಾದಷ್ಟು ಕಬ್ಬಿಣ ಬೆಲ್ಲದಿಂದಲೇ ಸಿಗಬೇಕಾದರೆ ತಿನ್ನಬಾರದಷ್ಟು ಬೆಲ್ಲ ತಿನ್ನಬೇಕಾಗುತ್ತದೆ. ಹರಿವೆ ಸೊಪ್ಪು, ಹುರುಳಿ, ಎಳ್ಳು ತಿನ್ನಿ, ಜೊತೆಗೆ ನಿಂಬೆ ಹಿಂಡಿಕೊಳ್ಳಿ. ರಕ್ತ ಪರೀಕ್ಷೆಯಲ್ಲಿ ಕಡಿಮೆ ಬಂದಿದ್ದರೆ ಡಾಕ್ಟರು ಕೊಟ್ಟ ಮಾತ್ರೆಯನ್ನು ಬಿಟ್ಟು ಬೆಲ್ಲ ನಂಬಬೇಡಿ. ಬಸುರಿಯರಿಗೆ ಈ ಮಾತನ್ನು ಒತ್ತಿ ಹೇಳುತ್ತೇನೆ.

ಜೋನಿ ಬೆಲ್ಲ ಒಳ್ಳೆಯದಾ, ಉಂಡೆ ಬೆಲ್ಲವಾ?

ಎರಡೂ ಒಂದೇ ಕೊಪ್ಪರಿಗೆಯಲ್ಲಿ ಹುಟ್ಟುವಂಥವು. ಕಬ್ಬಿನ ಹಾಲು ಕುದಿದು ಗಟ್ಟಿಯಾಗುತ್ತಾ ಬರುವಾಗ ಸ್ವಲ್ಪ ಮುಂಚೆ ಇಳಿಸಿದರೆ ಜೋನಿ. ಇನ್ನೂ ಕಾಸಿ, ಆರಿಸಿ, ಅಚ್ಚಿಗೆ ಹಾಕಿದರೆ ಗಟ್ಟಿ ಬೆಲ್ಲ. ಜೋನಿಯಲ್ಲಿ ಸುಮಾರು ಮೂರನೇ ಒಂದು ಪಾಲು ನೀರಿರುತ್ತದೆ. ಹಾಗಾಗಿ ತೂಕಕ್ಕೆ ತೂಕ ನೋಡಿದರೆ ಜೋನಿಯಲ್ಲಿ ಸಿಹಿ ಕಡಿಮೆ.

ಅಡುಗೆಯಲ್ಲಿ ಬಳಸುವಾಗ ಈ ನೀರಿನ ಲೆಕ್ಕ ನೆನಪಿಡಿ. ಕಡುಬು, ಹಾಲುಬಾಯಿ, ದೋಸೆ ಹಿಟ್ಟಿಗೆ ಜೋನಿ ಹಾಕಿದರೆ ಬೇರೆ ನೀರನ್ನು ತಗ್ಗಿಸಬೇಕು. ಉಂಡೆ ಕಟ್ಟುವ ತಿಂಡಿಗೆ, ಅಂದರೆ ಎಳ್ಳುಂಡೆ, ತಂಬಿಟ್ಟಿಗೆ ಗಟ್ಟಿ ಬೆಲ್ಲವೇ ಸಲೀಸು. ತೆಳ್ಳೇವು ಅಂದರೆ ತೆಳು ದೋಸೆಯ ಜೊತೆ ನೆಂಚಿಕೊಳ್ಳಲು ಜೋನಿ ಮತ್ತು ತುಪ್ಪಕ್ಕೆ ಸಮ ಯಾವುದೂ ಇಲ್ಲ.

ಒಳ್ಳೆ ಬೆಲ್ಲ ಅಂತ ಗುರುತಿಸೋದು ಹೇಗೆ?

ಆದಷ್ಟೂ ಆಲೆಮನೆಯಿಂದಲೇ ತನ್ನಿ. ಸಂಕ್ರಾಂತಿ ಕಳೆದ ಮೇಲೆ ಮಾರ್ಚ್ ತನಕ ನಮ್ಮ ಕಡೆ ಆಲೆಮನೆ ಕಾಲ. ಒಂದು ಸಲವಾದರೂ ಕೊಪ್ಪರಿಗೆ ಪಕ್ಕ ನಿಂತು ನೋಡಿ. ಗಾಣದಿಂದ ಬಂದ ಹಾಲು ಮೊದಲು ಮಾಸಲು ಹಸಿರು ಬಣ್ಣಕ್ಕಿರುತ್ತದೆ. ಕಾಯುತ್ತಾ ಬಂದ ಹಾಗೆ ಕೊಳೆಯೆಲ್ಲ ನೊರೆಯಾಗಿ ಮೇಲೇಳುತ್ತದೆ. ಬೆಂಡೆ ಜಾತಿಯ ಗಿಡದ ಲೋಳೆ ಅಥವಾ ಸ್ವಲ್ಪ ಸುಣ್ಣ ಹಾಕಿದರೆ ಆ ಕೊಳೆ ಬೇಗ ಒಟ್ಟುಗೂಡುತ್ತದೆ. ಅದನ್ನು ಜಾಲರಿ ಸೌಟಿನಲ್ಲಿ ತೆಗೆಯುತ್ತಲೇ ಇರಬೇಕು. ಆ ನೊರೆ ತೆಗೆಯುವವರ ತಾಳ್ಮೆಯಲ್ಲೇ ಬೆಲ್ಲದ ಗುಣ ಇರುವುದು. ಕೊನೆಗೆ ಹಾಲು ಕೆಂಪಾಗಿ, ದೊಡ್ಡ ಗುಳ್ಳೆ ಹೋಗಿ ಸಣ್ಣ ಗುಳ್ಳೆ ಏಳುವಾಗ ಪಾಕ ನೋಡುವವರು ಒಂದು ತೊಟ್ಟನ್ನು ನೀರಿಗೆ ಬಿಟ್ಟು ಬೆರಳಲ್ಲಿ ಹಿಚುಕುತ್ತಾರೆ. ಅಲ್ಲಿಗೆ ತೀರ್ಮಾನ.

ಅಂಗಡಿಯಲ್ಲಿ ತರುವುದಾದರೆ ಹೊಳೆಯುವ ಹಳದಿ ಬೆಲ್ಲಕ್ಕೆ ಮರುಳಾಗಬೇಡಿ. ಬಣ್ಣ ತಿಳಿ ಮಾಡಲು ಹೈಡ್ರೋಸ್ ಎಂಬ ಗಂಧಕದ ರಾಸಾಯನಿಕ ಹಾಕುವ ರೂಢಿ ಇದೆ. ಕಂದು ಅಥವಾ ಕಪ್ಪುಗೆಂಪು ಬೆಲ್ಲ ನೋಡಿ ತನ್ನಿ. ಹಾಗಂತ ಕಪ್ಪಗಿರುವುದೆಲ್ಲ ಚೊಕ್ಕ ಅಂತಲೂ ಅಲ್ಲ. ಮಣ್ಣಿನ ಗುಣಕ್ಕೂ ಬಣ್ಣ ಬದಲಾಗುತ್ತದೆ, ಸೀದರೂ ಕಪ್ಪಾಗುತ್ತದೆ. ನಾಲಿಗೆಗೆ ಉಪ್ಪು ಅಥವಾ ಕಹಿ ಹತ್ತಿದರೆ ಬಿಟ್ಟುಬಿಡಿ. ಸಕ್ಕರೆ ಬೆರೆಸಿ ಕಾಸಿದ ಬೆಲ್ಲವೂ ಮಾರಾಟಕ್ಕಿದೆ. ಅದನ್ನು ಮನೆಯಲ್ಲಿ ಪತ್ತೆ ಮಾಡುವುದು ಕಷ್ಟ. ಅದಕ್ಕೇ ಆಲೆಮನೆ ಪರಿಚಯ ಮಾಡಿಕೊಳ್ಳಿ ಅನ್ನುವುದು.

ಯಾವ ಬೆಲ್ಲವಾದರೂ ಕರಗಿಸಿ ಸೋಸದೆ ಬಳಸಬೇಡಿ.

ಮಳೆಗಾಲದಲ್ಲಿ ಜೋನಿ ಬೆಲ್ಲ ಹುಳಿಯಾಗುತ್ತೆ. ಏನು ಮಾಡೋದು?

ಪಾಕ ಎಳೆಯದಾಗಿದ್ದರೆ ಹೀಗಾಗುತ್ತದೆ. ತೇವದ ಸೌಟು ಹಾಕಿದರೂ ಆಗುತ್ತದೆ. ಗಾಜಿನ ಬಾಟಲಿ ಅಥವಾ ಪಿಂಗಾಣಿ ಭರಣಿಯಲ್ಲಿ ತುಂಬಿ, ವಾರದ ಬಳಕೆಗೆ ಬೇಕಾದಷ್ಟನ್ನು ಮಾತ್ರ ಬೇರೆ ಚಿಕ್ಕ ಬಾಟಲಿಗೆ ತೆಗೆದಿಡಿ. ಆಗುಂಬೆ, ಹೊಸನಗರದ ಕಡೆಯ ಜಿಟಿಜಿಟಿ ಮಳೆಯಲ್ಲಿ ಭರಣಿಯನ್ನು ಒಲೆ ಹತ್ತಿರದ ಬೆಚ್ಚಗಿನ ಜಾಗದಲ್ಲಿ ಇಡುವುದು ಒಳ್ಳೆಯದು. ತಳದಲ್ಲಿ ಹರಳು ಕಟ್ಟಿದರೆ ಹೆದರಬೇಡಿ, ಅದು ಕಬ್ಬಿನ ಸಕ್ಕರೆಯೇ ಹರಳಾಗಿದ್ದು. ಮೇಲೆ ನೊರೆ ಬಂದು ಹುಳಿ ವಾಸನೆ ಹೊಡೆದರೆ ಮಾತ್ರ ಬಳಸಬೇಡಿ.

ಬೆಲ್ಲ ಹಾಕಿದ ಕೂಡಲೇ ಪಾಯಸದ ಹಾಲು ಒಡೆಯುತ್ತೆ. ಯಾಕೆ?

ಬೆಲ್ಲದಲ್ಲಿ ಸ್ವಲ್ಪ ಹುಳಿ ಗುಣ ಇರುತ್ತದೆ. ಕುದಿಯುವ ಹಾಲಿಗೆ ಅದು ಬಿದ್ದರೆ ಹಾಲು ಒಡೆಯುತ್ತದೆ. ಬೆಲ್ಲವನ್ನು ಬೇರೆ ಪಾತ್ರೆಯಲ್ಲಿ ನೀರು ಹಾಕಿ ಕುದಿಸಿ ಸೋಸಿಟ್ಟುಕೊಳ್ಳಿ. ಬೇಳೆಯನ್ನೋ ಅಕ್ಕಿಯನ್ನೋ ಬೇಯಿಸಿ, ಆ ಬೆಲ್ಲದ ನೀರಲ್ಲಿ ಕುದಿಸಿ, ಒಲೆಯಿಂದ ಇಳಿಸಿ. ಉಗುರು ಬೆಚ್ಚಗಾದ ಮೇಲೆ, ಕಾಸಿ ಆರಿಸಿದ ಹಾಲು ಸೇರಿಸಿ. ಮತ್ತೆ ಕುದಿಸಬೇಡಿ.

ನನ್ನನ್ನು ಕೇಳಿದರೆ ಬೆಲ್ಲದ ಪಾಯಸಕ್ಕೆ ಕಾಯಿಹಾಲೇ ಸರಿ. ಮೊದಲು ಎರಡನೇ ಸಲ ಹಿಂಡಿದ ತೆಳು ಹಾಲಲ್ಲಿ ಬೇಯಿಸಿ, ಬೆಲ್ಲ ಹಾಕಿ ಕುದಿಸಿ, ಕೊನೆಗೆ ಗಟ್ಟಿ ಹಾಲು ಹಾಕಿ ಬಿಸಿಯಾದ ಕೂಡಲೇ ಇಳಿಸುವುದು. ತೆಂಗಿನ ಹಾಲಿಗೆ ತನ್ನದೇ ಸಿಹಿ ಇದೆ, ಬೆಲ್ಲ ಕಡಿಮೆ ಸಾಕು.

ಬೆಲ್ಲವನ್ನೂ ಹಾಕದೆ ಸಿಹಿ ಮಾಡೋಕೆ ಆಗುತ್ತಾ?

ಆಗುತ್ತೆ. ಮೇ, ಜೂನ್‌ನಲ್ಲಿ ಮಲೆನಾಡಿಗೆ ಬನ್ನಿ, ಹಲಸು ತೋರಿಸುತ್ತೇನೆ.

ಹಲಸಿನ ಹಣ್ಣಿನ ಕಡುಬಿಗೆ ಚೆನ್ನಾಗಿ ಪಕ್ವವಾದ ಹಣ್ಣು ಸಿಕ್ಕರೆ ಬೆಲ್ಲ ಬೇಕಾಗಿಯೇ ಇಲ್ಲ. ಗಟ್ಟಿ ತೊಳೆಯ ಬಕ್ಕೆಯೂ ಆಗುತ್ತದೆ, ಮೆತ್ತನೆ ತೊಳೆಯ ಹಣ್ಣೂ ಆಗುತ್ತದೆ. ಮೆತ್ತನೆಯದಾದರೆ ಕೈಯಲ್ಲೇ ಕಿವುಚಿ ರಸ ತೆಗೆಯಬಹುದು, ಬಕ್ಕೆಯಾದರೆ ಸಣ್ಣಗೆ ಹೆಚ್ಚಿ ರುಬ್ಬಬೇಕು. 2 ಕಪ್ ಹಣ್ಣಿನ ತಿರುಳಿಗೆ 1 ಕಪ್ ಅಕ್ಕಿ ತರಿ, ಅರ್ಧ ಕಪ್ ಕಾಯಿತುರಿ, ಚಿಟಿಕೆ ಉಪ್ಪು, 3–4 ಏಲಕ್ಕಿ. ಕಲಸಿ ಅರ್ಧ ಗಂಟೆ ಬಿಡಿ, ತರಿ ಹಣ್ಣಿನ ರಸ ಕುಡಿದು ಅರಳುತ್ತದೆ. ಹದ ಇಡ್ಲಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಇರಲಿ. ಬಾಳೆ ಎಲೆಯನ್ನು ಬೆಂಕಿಯ ಮೇಲೆ ಬಾಡಿಸಿ, ಒಂದೊಂದು ಸೌಟು ಹಾಕಿ ಮಡಚಿ, ಹಬೆಯಲ್ಲಿ 30ರಿಂದ 40 ನಿಮಿಷ ಬೇಯಿಸಿ. ಸಾಗುವಾನಿ ಎಲೆಯಲ್ಲಿ ಮಾಡಿದರೆ ಕಡುಬಿಗೆ ಕೆಂಪು ಬಣ್ಣ ಇಳಿಯುತ್ತದೆ. ಅರಿಶಿನ ಎಲೆಯಲ್ಲಿ ಮಾಡಿದರೆ ಬಿಚ್ಚುವಾಗಲೇ ಪರಿಮಳ ಮೂಗಿಗೆ ಬಡಿಯುತ್ತದೆ. ತುಪ್ಪ ಹಾಕಿಕೊಂಡು ಬಿಸಿಬಿಸಿ ತಿನ್ನಬೇಕು.

ಹಣ್ಣು ಸಪ್ಪೆ ಇದ್ದರೆ ಎರಡು ಚಮಚ ಬೆಲ್ಲ ಹಾಕಿ, ತಪ್ಪೇನಿಲ್ಲ. ಹಿಟ್ಟನ್ನು ಮೊದಲು ನೆಕ್ಕಿ ನೋಡಿ, ಆಮೇಲೆ ಬೆಲ್ಲದ ಡಬ್ಬಕ್ಕೆ ಕೈ ಹಾಕಿ. ಇದೊಂದು ಅಭ್ಯಾಸ ಬಂದರೆ ಅರ್ಧ ಕೆಲಸ ಆದ ಹಾಗೆ.

ಹಲಸಿನ ಕಾಲ ಮುಗಿದ ಮೇಲೆ?

ಬಾಳೆಹಣ್ಣು ವರ್ಷವಿಡೀ ಇದೆಯಲ್ಲ. ಸಿಪ್ಪೆ ಮೇಲೆ ಕಪ್ಪು ಚುಕ್ಕಿ ಬಂದ ಪುಟ್ಟಬಾಳೆ ಹೆಚ್ಚಿ, ಕಾಯಿಹಾಲು, ಏಲಕ್ಕಿ, ಸ್ವಲ್ಪ ಹುರಿದ ಎಳ್ಳು ಹಾಕಿದರೆ ರಸಾಯನ ಆಯಿತು. ಮಾವಿನ ಕಾಲದಲ್ಲಿ ಮಾವಿನ ಸೀಕರಣೆ.

ಮಳೆಗಾಲ ಮುಗಿಯುವ ಹೊತ್ತಿಗೆ ಸೌತೆಕಾಯಿ ಕಡುಬು. ಭೂಮಿ ಹುಣ್ಣಿಮೆಗೆ ಗದ್ದೆಗೆ ಹೋಗುವ ಬುಟ್ಟಿಯಲ್ಲಿ ಇದು ಇರುತ್ತದೆ. ಬಲಿತ ದೊಡ್ಡ ಸೌತೆಕಾಯಿ ತುರಿದು, ಅದರ ನೀರಲ್ಲೇ ಅಕ್ಕಿ ತರಿ ಕಲಸುವುದು. ಇದಕ್ಕೆ ಬೆಲ್ಲ ಬೇಕು. ಆದರೆ ತರಕಾರಿಯೇ ಮುಕ್ಕಾಲು ಪಾಲು ಇರುವುದರಿಂದ ಒಂದು ಕಡುಬಿನಲ್ಲಿ ಬೆಲ್ಲ ಅಷ್ಟೇನೂ ಇರುವುದಿಲ್ಲ. ಸಿಹಿಗುಂಬಳವನ್ನೂ ಹೀಗೇ ಮಾಡಬಹುದು.

ರಾಗಿ ಹಾಲುಬಾಯಿಗೆ ಸಕ್ಕರೆ ಇಲ್ಲದ ಅಳತೆ ಹೇಳಿ.

1 ಕಪ್ ರಾಗಿಯನ್ನು ರಾತ್ರಿ ನೆನೆಸಿ. ಬೆಳಿಗ್ಗೆ ತೊಳೆದು ಅರ್ಧ ಕಪ್ ಕಾಯಿತುರಿ ಹಾಕಿ ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆಯಿರಿ. ಚರಟಕ್ಕೆ ನೀರು ಹಾಕಿ ಇನ್ನೊಂದು ಸಲ ರುಬ್ಬಿ ಹಿಂಡಿ. ಒಟ್ಟು 4 ಕಪ್ ಹಾಲು ಬರಲಿ. 150 ಗ್ರಾಂ ಬೆಲ್ಲವನ್ನು ಅರ್ಧ ಕಪ್ ನೀರಲ್ಲಿ ಕರಗಿಸಿ ಸೋಸಿ ಇದಕ್ಕೆ ಸೇರಿಸಿ. ಚಿಟಿಕೆ ಉಪ್ಪು ಮರೆಯಬೇಡಿ.

ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿ. ಮೊದಲ ಹತ್ತು ನಿಮಿಷ ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಆಮೇಲೆ ಒಮ್ಮೆಲೇ ತಳದಿಂದ ಗಂಟು ಗಂಟಾಗಿ ಗಟ್ಟಿಯಾಗಲು ಶುರುವಾಗುತ್ತದೆ. ಆಗ ಸೌಟು ನಿಲ್ಲಿಸಲೇಬಾರದು, ಫೋನ್ ಬಂದರೂ ಇರಲಿ ಬಿಡಿ. ತಿರುವುತ್ತಾ ಹೋದ ಹಾಗೆ ಗಂಟು ಕರಗಿ ಹೊಳಪು ಬರುತ್ತದೆ. ಒಂದು ಚಮಚ ತುಪ್ಪ ಹಾಕಿ. ಒದ್ದೆ ಬೆರಳಿಂದ ಮುಟ್ಟಿದರೆ ಅಂಟಬಾರದು, ಬಾಣಲೆ ಬಿಟ್ಟು ಸೌಟಿನ ಜೊತೆ ಸುತ್ತಬೇಕು. ತುಪ್ಪ ಸವರಿದ ತಟ್ಟೆಗೆ ಸುರಿದು, ಏಲಕ್ಕಿ ಪುಡಿ ಉದುರಿಸಿ, ಪೂರ್ತಿ ಆರಿದ ಮೇಲೆ ಕತ್ತರಿಸಿ.

20 ತುಂಡು ಮಾಡಿದರೆ ಒಂದು ತುಂಡಿಗೆ ಸುಮಾರು ಏಳೂವರೆ ಗ್ರಾಂ ಬೆಲ್ಲ. ನಮ್ಮ ದೊಡ್ಡಮ್ಮಂದಿರು ಇದರ ಎರಡು ಪಟ್ಟು ಹಾಕುತ್ತಿದ್ದರು. ಅವರು ಬೆಳಗಿನಿಂದ ಗದ್ದೆ, ತೋಟ, ಕೊಟ್ಟಿಗೆ ಅಂತ ದುಡಿಯುತ್ತಿದ್ದರು. ನಮ್ಮ ಮೈಗೆ ಈಗ ಅಷ್ಟು ಕೆಲಸ ಇಲ್ಲ, ಬೆಲ್ಲವೂ ಅಷ್ಟು ಬೇಡ.

ಇನ್ನೊಂದು ವಿಷಯ. ಹಿಂಡಿ ಸೋಸಿದಾಗ ರಾಗಿಯ ನಾರು ಚರಟದಲ್ಲೇ ಉಳಿದುಬಿಡುತ್ತದೆ. ನಾರೂ ಬೇಕು ಅನ್ನುವವರು ಹುರಿದ ರಾಗಿ ಹಿಟ್ಟಿಂದ ಉಂಡೆ ಮಾಡಿ, ಎಳ್ಳು, ಕಾಯಿ ಸೇರಿಸಿ. ಹಾಲುಬಾಯಿಯ ನಯ ಅದಕ್ಕೆ ಬರುವುದಿಲ್ಲ, ಆದರೆ ಇಡೀ ರಾಗಿ ಹೊಟ್ಟೆಗೆ ಹೋಗುತ್ತದೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಬೇರೆ ಯಾವ ಧಾನ್ಯದಲ್ಲೂ ಇಷ್ಟಿಲ್ಲ.

ತೊಡೆದೇವು ತಿನ್ನಬಹುದಾ?

ಸಂತೋಷವಾಗಿ. ಮಗುಚಿ ಹಾಕಿದ ಗಡಿಗೆಯ ಮೇಲೆ ಕಬ್ಬಿನ ಹಾಲು ಅಥವಾ ಜೋನಿ ಸೇರಿಸಿದ ಅಕ್ಕಿ ಹಿಟ್ಟು ಸವರಿ ತೆಗೆಯುವ ಹಾಳೆ ಅದು. ಬಹಳ ತೆಳು, ಹಗುರ. ಒಂದೆರಡು ತೊಡೆದೇವನ್ನು ಹಾಲು, ತುಪ್ಪದ ಜೊತೆ ತಿಂದರೆ ಸಿಹಿಯ ಆಸೆ ತೀರುತ್ತದೆ. ಪೇಟೆಯಲ್ಲಿ ಕೊಳ್ಳುವಾಗ ಸಕ್ಕರೆ ಹಾಕಿದ್ದಾ ಬೆಲ್ಲ ಹಾಕಿದ್ದಾ ಅಂತ ಕೇಳಿ, ಎರಡೂ ಥರ ಸಿಗುತ್ತದೆ.

ಜೇನುತುಪ್ಪ ಹಾಕಬಹುದಾ?

ತುಡುವೆ ಜೇನು ಸಿಕ್ಕರೆ ಭಾಗ್ಯ. ಆದರೆ ಅದನ್ನು ಕುದಿಸಬೇಡಿ, ಪರಿಮಳವೆಲ್ಲ ಹೋಗುತ್ತದೆ. ಹಣ್ಣಿನ ಮೇಲೆ, ಮೊಸರಿನ ಮೇಲೆ ಒಂದು ಚಮಚ ಹಾಕಿಕೊಳ್ಳಿ. ದಿನದ ಲೆಕ್ಕದಲ್ಲಿ ಇದನ್ನೂ ಸಕ್ಕರೆ ಅಂತಲೇ ಎಣಿಸಬೇಕು. ಒಂದು ವರ್ಷದೊಳಗಿನ ಮಗುವಿಗೆ ಜೇನು ನೆಕ್ಕಿಸಲೇಬೇಡಿ. ಹುಟ್ಟಿದ ಕೂಸಿಗೆ ನೆಕ್ಕಿಸುವ ಪದ್ಧತಿ ಕೆಲವು ಮನೆಗಳಲ್ಲಿ ಇನ್ನೂ ಇದೆ. ಜೇನಿನಲ್ಲಿ ಇರಬಹುದಾದ ಬಾಟ್ಯುಲಿನಮ್ ಬ್ಯಾಕ್ಟೀರಿಯಾದ ಬೀಜಾಣು ಎಳೆ ಮಕ್ಕಳ ಕರುಳಲ್ಲಿ ಬೆಳೆದು ವಿಷ ಮಾಡುತ್ತದೆ, ಪ್ರಾಣಕ್ಕೂ ಅಪಾಯ. ಅಜ್ಜಿಗೆ ಬೇಜಾರಾದರೂ ಸರಿ, ಮೆತ್ತಗೆ ಹೇಳಿ ತಡೆಯಿರಿ.

ಖರ್ಜೂರ, ಒಣದ್ರಾಕ್ಷಿ ಹಾಕಿದರೆ?

ನಾರು ಇರುವುದರಿಂದ ಬೆಲ್ಲಕ್ಕಿಂತ ವಾಸಿ. ಆದರೆ ಒಣಗಿದ ಖರ್ಜೂರದ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಸಿಹಿಯೇ. ಉಂಡೆ ಚಿಕ್ಕದಾಗಿರಲಿ.

ಸ್ಟೀವಿಯಾ, ಶುಗರ್ ಫ್ರೀ ಪುಡಿ?

2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ತೂಕ ಇಳಿಸಲು ಇಂಥ ಸಿಹಿಕಾರಕಗಳನ್ನು ನೆಚ್ಚಬೇಡಿ ಅಂತ ಸಲಹೆ ಕೊಟ್ಟಿತು. ಸ್ಟೀವಿಯಾವೂ ಆ ಪಟ್ಟಿಯಲ್ಲಿದೆ. ಮೊದಲೇ ಸಕ್ಕರೆ ಕಾಯಿಲೆ ಇರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲ, ಅವರು ಡಾಕ್ಟರನ್ನು ಕೇಳಿ ಬಳಸಬಹುದು. ಆಸ್ಪರ್ಟೇಮ್ ಇರುವ ಪುಡಿಯನ್ನು ಹೆಚ್ಚು ಹೊತ್ತು ಕುದಿಸಿದರೆ ಸಿಹಿ ಕಳೆದುಕೊಳ್ಳುತ್ತದೆ, ಇಳಿಸಿದ ಮೇಲೆ ಹಾಕಿ. ನನಗೆ ಇವುಗಳ ರುಚಿ ಹಿಡಿಸಿಲ್ಲ. ಜಾಸ್ತಿ ಸಿಹಿಯ ಚಟವನ್ನು ಇವು ಬಿಡಿಸುವುದಿಲ್ಲ ಅನ್ನುವುದೇ ನನ್ನ ದೊಡ್ಡ ತಕರಾರು.

ಶುಗರ್ ಇರುವವರಿಗೆ ಬೆಲ್ಲದ ಸಿಹಿ ಪರವಾಗಿಲ್ಲ ಅಲ್ವಾ?

ಹಾಗೇನಿಲ್ಲ, ತೊಂದರೆ ಇದೆ! ಬೆಲ್ಲ, ಜೇನು, ತಾಟಿಬೆಲ್ಲ, ಬ್ರೌನ್ ಶುಗರ್ ಎಲ್ಲವೂ ರಕ್ತದಲ್ಲಿ ಸಕ್ಕರೆ ಏರಿಸುತ್ತವೆ. "ಇದು ಬೆಲ್ಲದ್ದು, ತಿನ್ನಿ ಮಾವ, ಏನಾಗಲ್ಲ" ಅಂತ ಪ್ರೀತಿಯಿಂದ ಬಡಿಸುವುದನ್ನು ದಯವಿಟ್ಟು ನಿಲ್ಲಿಸಿ. ಕಡುಬಿನ ಅಕ್ಕಿ, ಪಕ್ವವಾದ ಹಲಸು, ಬಾಳೆಹಣ್ಣೂ ಏರಿಸುತ್ತವೆ. ಬೆಲ್ಲ ಹಾಕಿಲ್ಲ ಅನ್ನುವ ಧೈರ್ಯದಲ್ಲಿ ನಾಲ್ಕು ಕಡುಬು ತಿನ್ನುವ ಹಾಗಿಲ್ಲ.

ತಿನ್ನಲೇಬೇಕೆಂಬ ಹಬ್ಬದ ದಿನ ಅರ್ಧ ಕಡುಬು ತಿನ್ನಿ, ಆ ಹೊತ್ತಿನ ಅನ್ನ ತಗ್ಗಿಸಿ. ಮೊದಲು ಪಲ್ಯ, ಕೋಸಂಬರಿ ತಿಂದು ಆಮೇಲೆ ಸಿಹಿಗೆ ಬನ್ನಿ. ಊಟವಾದ ಮೇಲೆ ಸ್ವಲ್ಪ ಓಡಾಡಿ. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಎರಡು ಗಂಟೆ ಬಿಟ್ಟು ನೋಡಿ, ನಿಮ್ಮ ಮೈಗೆ ಯಾವುದು ಎಷ್ಟು ಒಗ್ಗುತ್ತದೆ ಅಂತ ಗೊತ್ತಾಗುತ್ತದೆ.

ಮಕ್ಕಳಿಗೆ ಯಾವಾಗಿನಿಂದ ಕೊಡಬಹುದು?

ಎರಡು ವರ್ಷದ ತನಕ ಸಕ್ಕರೆ, ಬೆಲ್ಲ ಯಾವುದನ್ನೂ ಬೆರೆಸದಿರುವುದು ಒಳ್ಳೆಯದು. ಕಿವುಚಿದ ಬಾಳೆಹಣ್ಣು, ಬೇಯಿಸಿದ ನೇಂದ್ರ, ಸಪೋಟ, ರಾಗಿ ಮಣ್ಣಿ ಸಾಕು. ದೊಡ್ಡ ಮಕ್ಕಳಿಗೆ ಪೇಟೆ ಚಾಕೊಲೇಟಿನ ರುಚಿ ಹತ್ತಿಬಿಟ್ಟಿದ್ದರೆ ಒಮ್ಮೆಲೇ ಕಿತ್ತುಕೊಳ್ಳಬೇಡಿ. ಹಾಲಿಗೆ ಹಾಕುವ ಎರಡು ಚಮಚ ಸಕ್ಕರೆಯನ್ನು ಒಂದೂವರೆ ಮಾಡಿ, ಕೆಲವು ದಿನ ಬಿಟ್ಟು ಒಂದು ಮಾಡಿ. ನಾಲಿಗೆ ಕೆಲವೇ ವಾರದಲ್ಲಿ ಹೊಂದಿಕೊಳ್ಳುತ್ತದೆ. ಎಳ್ಳು ಹುರಿಯಲು, ಉಂಡೆ ಕಟ್ಟಲು ಜೊತೆಗೆ ಕೂರಿಸಿಕೊಳ್ಳಿ. ತಾವೇ ಕಟ್ಟಿದ ಉಂಡೆಯನ್ನು ಮಕ್ಕಳು ಬೇಡ ಅನ್ನುವುದಿಲ್ಲ.

ಬೆಲ್ಲ ಕಡಿಮೆ ಹಾಕಿದರೆ ನೆಂಟರಿಗೆ ಸಪ್ಪೆ ಅನ್ನಿಸಲ್ವಾ?

ಬೆಚ್ಚಗೆ ಬಡಿಸಿ. ತಣ್ಣಗಿನ ತಿಂಡಿಗಿಂತ ಬೆಚ್ಚಗಿನ ತಿಂಡಿಯಲ್ಲಿ ಸಿಹಿ ಚೆನ್ನಾಗಿ ಗೊತ್ತಾಗುತ್ತದೆ. ಫ್ರಿಜ್ಜಿನಿಂದ ತೆಗೆದದ್ದಕ್ಕೇ ಜಾಸ್ತಿ ಸಿಹಿ ಬೇಕಾಗುವುದು. ಚಿಟಿಕೆ ಉಪ್ಪು, ಆಗಷ್ಟೇ ಕುಟ್ಟಿದ ಏಲಕ್ಕಿ, ಕಾಯಿತುರಿಯನ್ನು ತುಪ್ಪದಲ್ಲಿ ಕೆಂಪಗೆ ಹುರಿದು ಹಾಕುವುದು, ಇವೆಲ್ಲ ಸಿಹಿಯನ್ನು ಎತ್ತಿ ಹಿಡಿಯುತ್ತವೆ. ಮೂರರಲ್ಲಿ ಒಂದು ಪಾಲು ಬೆಲ್ಲ ತಗ್ಗಿಸಿದರೆ ಯಾರಿಗೂ ತಿಳಿಯುವುದೇ ಇಲ್ಲ. ಅದಕ್ಕಿಂತ ಜಾಸ್ತಿ ತಗ್ಗಿಸಿದರೆ ತಿಳಿಯುತ್ತದೆ. ಆಗ ಪಕ್ಕದಲ್ಲಿ ಸಣ್ಣ ಬಟ್ಟಲಲ್ಲಿ ಜೋನಿ ಇಡಿ, ಬೇಕಾದವರು ಹಾಕಿಕೊಳ್ಳಲಿ.

ಕೇಕಿಗೂ ಬೆಲ್ಲ ನಡೆಯುತ್ತಾ?

ನಡೆಯುತ್ತದೆ. ರಾಗಿ ಮತ್ತು ಗೋಧಿ ಹಿಟ್ಟು ಸಮಸಮ ಹಾಕಿ, ಕಿವುಚಿದ ಬಾಳೆಹಣ್ಣು ಸೇರಿಸಿದರೆ ಬೆಲ್ಲ ಅರ್ಧಕ್ಕೆ ಇಳಿಯುತ್ತದೆ. ಬೆಲ್ಲ, ಬಾಳೆಹಣ್ಣಿನ ಹುಳಿ ಗುಣಕ್ಕೆ ಅಡುಗೆ ಸೋಡಾ ಚೆನ್ನಾಗಿ ಉಬ್ಬುತ್ತದೆ. ಮೈದಾ ಕೇಕಿನಷ್ಟು ಹಗುರ ಆಗುವುದಿಲ್ಲ, ಅದನ್ನು ಒಪ್ಪಿಕೊಂಡೇ ಮಾಡಿ.

ಬೇಸಿಗೆಗೆ ಏನಾದರೂ ಕುಡಿಯುವಂಥದ್ದು?

ಹುರಿಯದ ಎಳ್ಳು ನೆನೆಸಿ ರುಬ್ಬಿ, ಏಲಕ್ಕಿ, ಸ್ವಲ್ಪ ಜೋನಿ ಹಾಕಿದ ಎಳ್ಳು ನೀರು. ಮುರುಗಲು ಹಣ್ಣಿನ ಪಾನಕಕ್ಕೆ ಜೋನಿ, ಚಿಟಿಕೆ ಉಪ್ಪು, ಜೀರಿಗೆ. ಹುಳಿ ಜಾಸ್ತಿ ಇರುವ ಪಾನಕಕ್ಕೆ ಸಿಹಿಯೂ ಜಾಸ್ತಿ ಬೇಡುತ್ತದೆ. ಹಾಗಾಗಿ ರಸ ಕಡಿಮೆ, ನೀರು ಜಾಸ್ತಿ ಮಾಡಿ.

ಹಾಗಾದರೆ ಮನೆಯಲ್ಲಿ ಸಕ್ಕರೆ ಡಬ್ಬವನ್ನೇ ಇಡಬಾರದಾ?

ಇಡಿ. ಇನ್ಸುಲಿನ್ ಅಥವಾ ಶುಗರ್ ಮಾತ್ರೆ ತೆಗೆದುಕೊಳ್ಳುವ ಹಿರಿಯರಿದ್ದರೆ ಇಡಲೇಬೇಕು. ಹೊತ್ತಿಗೆ ಸರಿಯಾಗಿ ಊಟ ಮಾಡದೆ ಅವರಿಗೆ ಒಮ್ಮೆಲೇ ಶುಗರ್ ಇಳಿದುಬಿಡಬಹುದು. ಬೆವರು, ಕೈ ನಡುಕ, ತಲೆ ಸುತ್ತು, ಮಾತು ತಪ್ಪುವುದು ಇದರ ಲಕ್ಷಣ. ಮೀಟರಿನಲ್ಲಿ 70ಕ್ಕಿಂತ ಕೆಳಗೆ ತೋರಿಸುತ್ತದೆ. ಆಗ ಕಡುಬು, ಉಂಡೆ ಕೊಟ್ಟರೆ ಕೆಲಸ ಆಗುವುದಿಲ್ಲ. ತುಪ್ಪ, ಕಾಯಿ ಇರುವ ತಿಂಡಿಯ ಸಿಹಿ ರಕ್ತಕ್ಕೆ ಸೇರುವುದು ನಿಧಾನ. 3 ಚಮಚ ಸಕ್ಕರೆ ಅಥವಾ 15 ಗ್ರಾಂ ಗ್ಲೂಕೋಸ್ ಪುಡಿಯನ್ನು ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಇನ್ನೂ ಕಡಿಮೆಯೇ ಇದ್ದರೆ ಇನ್ನೊಮ್ಮೆ ಕೊಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಮಲೆನಾಡಿನ ಒಂಟಿ ಮನೆಗಳಿಂದ ಆಸ್ಪತ್ರೆ ದೂರ. ಆ ಡಬ್ಬ ಎಲ್ಲಿದೆ ಅಂತ ಮನೆಯ ಎಲ್ಲರಿಗೂ ಗೊತ್ತಿರಲಿ.